ಲಿಂಗಾಧಾರಿತ ದೌರ್ಜನ್ಯ: ಸಂತ್ರಸ್ತರಿಗೆ ಭಾರತದ ಕಾನೂನು ನೀಡುವ ರಕ್ಷಣೆ

ಹೆಣ್ಣು ಎಂಬ ಕಾರಣಕ್ಕೆ, ಅಥವಾ ಗಂಡು-ಹೆಣ್ಣಿಗೆ ಸಮಾಜ ಹಾಕಿಟ್ಟ ಕಟ್ಟುಪಾಡಿಗೆ ಒಗ್ಗದವರು ಎಂಬ ಕಾರಣಕ್ಕೆ ಒಬ್ಬರ ಮೇಲೆ ನಡೆಯುವ ದೈಹಿಕ, ಲೈಂಗಿಕ, ಮಾನಸಿಕ ಮತ್ತು ಆರ್ಥಿಕ ಹಿಂಸೆಯೇ ಲಿಂಗಾಧಾರಿತ ದೌರ್ಜನ್ಯ. ಹೊಡೆತ, ಅತ್ಯಾಚಾರ, ವರದಕ್ಷಿಣೆ ಕಿರುಕುಳ, ಆ್ಯಸಿಡ್ ದಾಳಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ, ಬಾಲ್ಯವಿವಾಹ, ಬೆನ್ನಟ್ಟಿ ಕಾಡುವುದು, ಖಾಸಗಿ ಚಿತ್ರಗಳನ್ನು ಹರಿಯಬಿಡುವುದು ಎಲ್ಲವೂ ಇದರೊಳಗೆ ಬರುತ್ತವೆ. ಭಾರತದಲ್ಲಿ ಇದಕ್ಕೆ ಒಂದೇ ಸಮಗ್ರ ಕಾನೂನಿಲ್ಲ. ಸಂವಿಧಾನ, ದಂಡ ಸಂಹಿತೆ, ಹಲವು ವಿಶೇಷ ಕಾಯ್ದೆಗಳು ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳು ಸೇರಿ ಈ ರಕ್ಷಣೆಯನ್ನು ರೂಪಿಸಿವೆ.

ಈ ಕಾನೂನುಗಳು ಬೆಳೆದ ಬಗೆಯಲ್ಲಿ ಒಂದು ಮುಖ್ಯ ತಿರುವು ಕಾಣುತ್ತದೆ. ಮೊದಮೊದಲು ಕಾನೂನಿನ ಗಮನವೆಲ್ಲ ಅಪರಾಧಿಯ ಮೇಲಿತ್ತು. ಆತನಿಗೆ ಎಷ್ಟು ವರ್ಷ ಸಜೆ ಎಂಬುದೇ ಪ್ರಶ್ನೆಯಾಗಿತ್ತು. ಬರಬರುತ್ತ ಆ ಗಮನ ನೊಂದವರ ಕಡೆಗೆ ತಿರುಗಿತು. ಅವರು ಈ ರಾತ್ರಿ ಎಲ್ಲಿ ಮಲಗಬೇಕು, ಮಕ್ಕಳು ಯಾರ ಬಳಿ ಇರಬೇಕು, ಚಿಕಿತ್ಸೆಯ ಖರ್ಚು ಯಾರದು, ಅವರ ಹೆಸರು ಹೊರಗೆ ಬಾರದಂತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೂ ಕಾನೂನು ಉತ್ತರ ಕೊಡತೊಡಗಿತು. ಈ ತಿರುವು ಎಷ್ಟರಮಟ್ಟಿಗೆ ನಿಜವಾಗಿದೆ ಎಂಬುದರಿಂದಲೇ ಈ ಕಾನೂನುಗಳ ಬೆಲೆಯನ್ನು ಅಳೆಯಬೇಕು.

ಹಿನ್ನೆಲೆ

ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆಯುವ ಶಾಸನ ಮಾಡಿತ್ತು. ಸ್ವಾತಂತ್ರ್ಯಾನಂತರ 1961ರಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂತು. ಆದರೆ ಮನೆಯೊಳಗಿನ ಹಿಂಸೆಯನ್ನು ದಂಡ ಸಂಹಿತೆ ಪ್ರತ್ಯೇಕ ಅಪರಾಧವೆಂದು ಗುರುತಿಸಲು ಇನ್ನೂ ಎರಡು ದಶಕ ಬೇಕಾಯಿತು.

ಬದಲಾವಣೆಗೆ ದಾರಿ ಮಾಡಿದ್ದು ಮಹಾರಾಷ್ಟ್ರದ ಒಂದು ಪ್ರಕರಣ. 1972ರಲ್ಲಿ ಬುಡಕಟ್ಟಿನ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯ ಆವರಣದಲ್ಲೇ ಅತ್ಯಾಚಾರ ನಡೆಯಿತೆಂಬ ಆರೋಪ ಅದು. ಮೈಮೇಲೆ ಗಾಯದ ಗುರುತಿಲ್ಲ, ಆಕೆ ಪ್ರತಿಭಟಿಸಿದ್ದಕ್ಕೆ ಸಾಕ್ಷ್ಯವಿಲ್ಲ ಎಂಬ ತರ್ಕದ ಮೇಲೆ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಗಮ್ವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದು, ಹೆದರಿ ಸುಮ್ಮನಾಗುವುದು ಸಮ್ಮತಿಯಲ್ಲ ಎಂದು ವಾದಿಸಿದರು. ದೇಶದ ಉದ್ದಗಲಕ್ಕೂ ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ದಂಡ ಸಂಹಿತೆ ತಿದ್ದುಪಡಿಯಾಯಿತು. ಬಂಧನದಲ್ಲಿರುವ ಮಹಿಳೆಯ ಮೇಲಿನ ಅತ್ಯಾಚಾರ ಪ್ರತ್ಯೇಕ ಅಪರಾಧವಾಯಿತು. ಇಂಥ ಪ್ರಕರಣಗಳಲ್ಲಿ ಸಮ್ಮತಿ ಇರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ ನ್ಯಾಯಾಲಯ ಹಾಗೆಯೇ ಭಾವಿಸಬೇಕೆಂಬ ನಿಯಮ ಬಂತು. ಸಂತ್ರಸ್ತೆಯ ಗುರುತು ಪ್ರಕಟಿಸುವುದು ಅಪರಾಧವಾಯಿತು. ಗಂಡ ಮತ್ತು ಆತನ ಬಂಧುಗಳ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ ಸೇರಿದ್ದೂ 1983ರಲ್ಲೇ. ವರದಕ್ಷಿಣೆ ಸಾವಿನ ಕಲಂ 304ಬಿ ಬಂದದ್ದು 1986ರಲ್ಲಿ.

ಅಂತರರಾಷ್ಟ್ರೀಯ ಒಪ್ಪಂದಗಳೂ ಒತ್ತಾಸೆಯಾದವು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣೆಗಾಗಿ ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 1993ರಲ್ಲಿ ಅನುಮೋದಿಸಿತು. ಮುಂದೆ ಸುಪ್ರೀಂ ಕೋರ್ಟು ಹಲವು ತೀರ್ಪುಗಳಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡಿತು.

ಎರಡನೆಯ ದೊಡ್ಡ ಬದಲಾವಣೆ 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ಬಂತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ, ಲೀಲಾ ಸೇಠ್ ಮತ್ತು ಗೋಪಾಲ ಸುಬ್ರಮಣಿಯಂ ಅವರಿದ್ದ ಸಮಿತಿ 2013ರ ಜನವರಿ 23ರಂದು, ರಚನೆಯಾದ ಒಂದು ತಿಂಗಳೊಳಗೆ, ವರದಿ ಕೊಟ್ಟಿತು. ಅದೇ ವರ್ಷದ ತಿದ್ದುಪಡಿ ಅತ್ಯಾಚಾರದ ವ್ಯಾಖ್ಯೆಯನ್ನು ವಿಸ್ತರಿಸಿತು. ಆ್ಯಸಿಡ್ ದಾಳಿ, ಬೆನ್ನಟ್ಟುವುದು, ಕದ್ದುನೋಡುವುದು, ವಿವಸ್ತ್ರಗೊಳಿಸುವುದು ಪ್ರತ್ಯೇಕ ಅಪರಾಧಗಳಾದವು. ಸಂತ್ರಸ್ತೆ ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬಷ್ಟರಿಂದಲೇ ಸಮ್ಮತಿ ಇತ್ತು ಎನ್ನುವಂತಿಲ್ಲ ಎಂಬುದೂ ಕಾನೂನಿನಲ್ಲೇ ಸೇರಿತು.

ಸಂವಿಧಾನದ ಬುನಾದಿ

ಸಮಾನತೆಯ 14ನೇ ವಿಧಿ, ಲಿಂಗ ತಾರತಮ್ಯ ನಿಷೇಧಿಸುವ 15ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಈ ಎಲ್ಲ ಕಾಯ್ದೆಗಳ ತಳಹದಿ. ಮಹಿಳೆಯರಿಗಾಗಿ ಮತ್ತು ಮಕ್ಕಳಿಗಾಗಿ ವಿಶೇಷ ಕಾನೂನು ಮಾಡುವ ಅಧಿಕಾರವನ್ನು 15(3) ಸರ್ಕಾರಕ್ಕೆ ಕೊಡುತ್ತದೆ. ಉಚಿತ ಕಾನೂನು ನೆರವಿನ 39ಎ ವಿಧಿಯ ಫಲವಾಗಿ ಬಂದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವುದೇ ಮಹಿಳೆಗೆ, ಆಕೆಯ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರ ನೆರವು ಸಿಗಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಸಾಕು.

ಕೌಟುಂಬಿಕ ದೌರ್ಜನ್ಯ ಕಾಯ್ದೆ, 2005

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಈ ಕ್ಷೇತ್ರದ ಅತಿ ಮುಖ್ಯ ಶಾಸನ. ಇದು ಬರುವ ಮೊದಲು ಗಂಡನಿಂದ ಏಟು ತಿಂದ ಹೆಂಗಸಿನ ಮುಂದೆ ಎರಡೇ ದಾರಿಗಳಿದ್ದವು: 498ಎ ಅಡಿ ದೂರು ಕೊಟ್ಟು ಆತನನ್ನು ಜೈಲಿಗೆ ಕಳಿಸುವುದು, ಇಲ್ಲವೇ ವಿಚ್ಛೇದನ ಕೇಳುವುದು. ಎರಡೂ ಬೇಡ, ಹೊಡೆತ ನಿಂತರೆ ಸಾಕು, ಇರಲು ಮನೆ ಬೇಕು ಎನ್ನುವವರಿಗೆ ಕಾನೂನಿನಲ್ಲಿ ಉತ್ತರವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಈ ಕಾಯ್ದೆ.

ಹೆಂಡತಿ ಮಾತ್ರವಲ್ಲ, ತಾಯಿ, ಮಗಳು, ಅಕ್ಕತಂಗಿ, ವಿಧವೆ ಸೊಸೆ, ಮದುವೆಯಂತಹ ಸಂಬಂಧದಲ್ಲಿ ಜೊತೆಗಿದ್ದ ಮಹಿಳೆ, ಹೀಗೆ ಒಂದೇ ಸೂರಿನಡಿ ಬಾಳಿದ ಯಾರೇ ಆದರೂ ಈ ಕಾಯ್ದೆಯಡಿ ಅರ್ಜಿ ಹಾಕಬಹುದು. ಮದುವೆಯಾಗದೆ ಕೂಡಿಬಾಳುವ ಯಾವ ಸಂಬಂಧಗಳು ಇದರೊಳಗೆ ಬರುತ್ತವೆ ಎಂಬುದನ್ನು ಸುಪ್ರೀಂ ಕೋರ್ಟು ವಿಸ್ತಾರವಾಗಿ ಚರ್ಚಿಸಿದ ಇಂದ್ರಾ ಶರ್ಮಾ ಪ್ರಕರಣ, 2013, ಬೆಂಗಳೂರಿನಿಂದ ಹೋದದ್ದು. ಗಂಡಸಿಗೆ ಮೊದಲೇ ಮದುವೆಯಾಗಿರುವುದು ಗೊತ್ತಿದ್ದೂ ಬೆಳೆದ ಸಂಬಂಧಕ್ಕೆ ಈ ರಕ್ಷಣೆ ಸಿಗದು ಎಂದು ನ್ಯಾಯಾಲಯ ಹೇಳಿತಾದರೂ, ಇಂಥ ಮಹಿಳೆಯರು ಬೀದಿಪಾಲಾಗದಂತೆ ಸಂಸತ್ತು ಕಾನೂನು ಮಾಡಬೇಕೆಂದೂ ಸೂಚಿಸಿತು. ಅರ್ಜಿ ಯಾರ ವಿರುದ್ಧ ಎಂಬಲ್ಲಿದ್ದ ‘ವಯಸ್ಕ ಪುರುಷ’ ಎಂಬ ಮಿತಿಯನ್ನು 2016ರ ಹಿರಲ್ ಹರ್ಸೋರಾ ತೀರ್ಪು ತೆಗೆದುಹಾಕಿತು. ಹಿಂಸೆ ಕೊಡುವ ಅತ್ತೆ, ನಾದಿನಿಯರ ಮೇಲೂ ಈಗ ಅರ್ಜಿ ಹಾಕಬಹುದು.

ಯಾವುದು ಹಿಂಸೆ ಎಂಬುದನ್ನು ತಿಳಿಯಲು 2006ರ ನಿಯಮಗಳಿಗೆ ಲಗತ್ತಾದ ಒಂದನೇ ನಮೂನೆಯನ್ನು ಓದಬೇಕು. ‘ಕೌಟುಂಬಿಕ ಘಟನಾ ವರದಿ’ ಎಂಬ ಈ ನಮೂನೆಯನ್ನು, ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾಧಿಕಾರಿ ತುಂಬಿ ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಹೊಡೆತ, ಬಲವಂತದ ಸಂಭೋಗದಂಥವು ಅದರಲ್ಲಿ ಇದ್ದೇ ಇವೆ. ಅಲ್ಲಿಗೇ ಪಟ್ಟಿ ಮುಗಿಯುವುದಿಲ್ಲ. ಗಂಡುಮಗು ಹೆರಲಿಲ್ಲವೆಂದು ಹಂಗಿಸುವುದು, ನಡತೆ ಸರಿಯಿಲ್ಲವೆಂದು ಆಡಿಕೊಳ್ಳುವುದು, ಕೆಲಸಕ್ಕೆ ಹೋಗಗೊಡದಿರುವುದು, ಇಷ್ಟವಿಲ್ಲದ ಮದುವೆಗೆ ಒತ್ತಾಯಿಸುವುದು ಇದೆ. ಊಟ, ಬಟ್ಟೆ, ಔಷಧಿಗೆ ಹಣ ಕೊಡದಿರುವುದು, ಸಂಬಳ ಕಸಿದುಕೊಳ್ಳುವುದು, ಹೇಳದೆ ಕೇಳದೆ ಸ್ತ್ರೀಧನವನ್ನು ಅಡವಿಡುವುದು, ಮನೆ ಬಾಡಿಗೆ ಕಟ್ಟದಿರುವುದು, ಮನೆಯ ಯಾವುದೋ ಭಾಗಕ್ಕೆ ಕಾಲಿಡಗೊಡದಿರುವುದು ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ‘ಸಂಸಾರ ಅಂದ್ಮೇಲೆ ಇದ್ದದ್ದೇ’ ಎಂದು ತಳ್ಳಿಹಾಕುವ ಸಂಗತಿಗಳನ್ನು ಸರ್ಕಾರಿ ನಮೂನೆಯೊಂದು ಹೀಗೆ ಒಂದೊಂದಾಗಿ ಹೆಸರಿಟ್ಟು ಬರೆದಿದೆ. ಈ ಕಾಯ್ದೆಯ ನಿಜವಾದ ಶಕ್ತಿ ಇರುವುದು ಇಲ್ಲಿ.

ಮ್ಯಾಜಿಸ್ಟ್ರೇಟರು ಹೊರಡಿಸಬಹುದಾದ ಆದೇಶಗಳು ಐದು ಬಗೆ. ಹಿಂಸೆ ನಿಲ್ಲಿಸುವಂತೆ, ಆಕೆಯ ಕೆಲಸದ ಜಾಗಕ್ಕೆ ಅಥವಾ ಮಕ್ಕಳ ಶಾಲೆಗೆ ಹೋಗದಂತೆ ತಡೆಯುವುದು ಸಂರಕ್ಷಣಾ ಆದೇಶ. ಮನೆಯಿಂದ ಹೊರಹಾಕದಂತೆ ತಡೆಯುವುದು, ಅಗತ್ಯ ಬಿದ್ದರೆ ಹಿಂಸಿಸುವ ಗಂಡಸನ್ನೇ ಮನೆ ಬಿಡಿಸುವುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಕೊಡಿಸುವುದು ನಿವಾಸದ ಆದೇಶ. ಜೀವನಾಂಶ ಮತ್ತು ಚಿಕಿತ್ಸೆಯ ಖರ್ಚಿಗೆ ಹಣಕಾಸಿನ ಆದೇಶ, ಮಕ್ಕಳಿಗಾಗಿ ತಾತ್ಕಾಲಿಕ ಸುಪರ್ದಿನ ಆದೇಶ, ಅನುಭವಿಸಿದ ನೋವಿಗೆ ಪರಿಹಾರದ ಆದೇಶ ಉಳಿದವು. ತುರ್ತಿದ್ದರೆ ಎದುರು ಪಕ್ಷದ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ಹೊರಡಿಸಲು 23ನೇ ಕಲಂ ಅಧಿಕಾರ ಕೊಡುತ್ತದೆ. ಆದೇಶದ ಪ್ರತಿಯನ್ನು ಅರ್ಜಿದಾರರಿಗೆ ಉಚಿತವಾಗಿ ಕೊಡಬೇಕು. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಜಾಮೀನುರಹಿತ ಅಪರಾಧ. ಆದೇಶ ಮುರಿದದ್ದನ್ನು ನಂಬಲು ಆಕೆಯೊಬ್ಬರ ಹೇಳಿಕೆಯೇ ಸಾಕು ಎಂದು ಕಾಯ್ದೆ ಹೇಳುತ್ತದೆ. ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕೆಂದಿಲ್ಲ. ತವರಿಗೆ ಬಂದಿದ್ದರೆ ತವರೂರಿನ, ತಾತ್ಕಾಲಿಕವಾಗಿ ಎಲ್ಲಿದ್ದರೆ ಆ ಊರಿನ ನ್ಯಾಯಾಲಯದಲ್ಲಿ ಹಾಕಬಹುದು.

ವಾಸದ ಹಕ್ಕಿನ ಪ್ರಶ್ನೆ ನ್ಯಾಯಾಲಯಗಳಲ್ಲಿ ದೀರ್ಘಕಾಲ ತೂಗಾಡಿತು. ಮನೆ ಅತ್ತೆಯ ಹೆಸರಿನಲ್ಲಿದ್ದರೆ ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲ ಎಂಬ ಸುಪ್ರೀಂ ಕೋರ್ಟಿನ ಬಾತ್ರಾ ತೀರ್ಪು ಸುಮಾರು 14 ವರ್ಷ ಚಾಲ್ತಿಯಲ್ಲಿತ್ತು. ನಮ್ಮಲ್ಲಿ ಮನೆ ಸಾಮಾನ್ಯವಾಗಿ ಹಿರಿಯರ ಹೆಸರಿನಲ್ಲೇ ಇರುವುದರಿಂದ ಅಸಂಖ್ಯ ಹೆಣ್ಣುಮಕ್ಕಳಿಗೆ ಇದು ಬಾಗಿಲು ಮುಚ್ಚಿತು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು: ಮನೆಯ ಒಡೆತನ ಗಂಡನ ಬಂಧುಗಳದ್ದಾಗಿದ್ದರೂ, ಆಕೆ ಸಂಸಾರ ಮಾಡಿದ ಮನೆ ಎಂದಮೇಲೆ ಅಲ್ಲಿ ವಾಸದ ಹಕ್ಕು ಕೇಳಬಹುದು. ಕಾನೂನುಬದ್ಧವಾಗಿ ಬೇರೆ ದಾರಿಯಲ್ಲಿ ತೆರವು ಮಾಡಿಸುವ ಅವಕಾಶ, ವಯಸ್ಸಾದ ಅತ್ತೆ-ಮಾವಂದಿರ ನೆಮ್ಮದಿಯ ಹಕ್ಕು ಇವನ್ನೂ ನ್ಯಾಯಾಲಯಗಳು ತೂಗಿ ನೋಡಬೇಕು ಎಂದಿತು. 2022ರ ಪ್ರಭಾ ತ್ಯಾಗಿ ತೀರ್ಪು ಇನ್ನೂ ಮುಂದೆ ಹೋಗಿ, ವಾಸ್ತವವಾಗಿ ಆ ಮನೆಯಲ್ಲಿ ಇರದಿದ್ದರೂ ಹಕ್ಕು ಇರುತ್ತದೆ ಎಂದಿತು. ಘಟನಾ ವರದಿ ಬಂದಿಲ್ಲವೆಂದು ಅರ್ಜಿ ತಿರಸ್ಕರಿಸುವಂತಿಲ್ಲ ಎಂದೂ ಸ್ಪಷ್ಟಪಡಿಸಿತು.

ಕ್ರಿಮಿನಲ್ ಕಾನೂನು ಮತ್ತು ಸಂತ್ರಸ್ತರ ಹಕ್ಕುಗಳು

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳು ಹಳೆಯ ಮೂರು ಕಾನೂನುಗಳ ಜಾಗಕ್ಕೆ ಬಂದಿವೆ. 498ಎ ಈಗ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂ. ಮೂರು ವರ್ಷದವರೆಗೆ ಸಜೆ. ವರದಕ್ಷಿಣೆ ಸಾವು 80ನೇ ಕಲಂ. ಕನಿಷ್ಠ ಏಳು ವರ್ಷದಿಂದ ಜೀವಾವಧಿ. ಮದುವೆಯಾದ ಏಳು ವರ್ಷದೊಳಗೆ ಅಸಹಜ ಸಾವು ಸಂಭವಿಸಿ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಕಿರುಕುಳ ನಡೆದಿತ್ತೆಂದು ತೋರಿಸಿದರೆ, ತಾವು ಕಾರಣರಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿಗಳ ಮೇಲೆ ಬೀಳುತ್ತದೆ. ಬೆನ್ನಟ್ಟುವುದು 78, ಆ್ಯಸಿಡ್ ದಾಳಿ 124.

ಸಂತ್ರಸ್ತರ ಪಾಲಿಗೆ ಶಿಕ್ಷೆಯ ಪ್ರಮಾಣಕ್ಕಿಂತ ಮುಖ್ಯವಾದದ್ದು ಪ್ರಕ್ರಿಯೆ. ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸಂವಿಧಾನ ಪೀಠ ಹೇಳಿದೆ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದೆ ಎಂದು ಸಾಗಹಾಕುವಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಾಗಬೇಕು. ಅತ್ಯಾಚಾರದಂಥ ಅಪರಾಧದಲ್ಲಿ ದೂರು ಸ್ವೀಕರಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಆರು ತಿಂಗಳಿಂದ ಎರಡು ವರ್ಷದ ಸಜೆ ಇದೆ. ದೂರನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಹೇಳಿಕೆಯನ್ನು ಸಂತ್ರಸ್ತೆಯ ಮನೆಯಲ್ಲಿ ಅಥವಾ ಅವರು ಬಯಸಿದ ಜಾಗದಲ್ಲಿ ಪಡೆಯಬೇಕು. ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರ ಅಥವಾ ದುಭಾಷಿಯ ನೆರವು ಕೊಟ್ಟು ವಿಡಿಯೊ ಚಿತ್ರೀಕರಿಸಬೇಕು. ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು, ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕು.

ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಯ ಸಂತ್ರಸ್ತರಿಗೆ ತಕ್ಷಣ ಉಚಿತ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ಕೊಡಬೇಕು. ‘ಮೊದಲು ಪೊಲೀಸ್ ಕಾಗದ ತನ್ನಿ’ ಎಂದು ಹಿಂದಕ್ಕೆ ಕಳಿಸುವುದು ಅಪರಾಧ. ಅತ್ಯಾಚಾರ ಸಂತ್ರಸ್ತೆಯರಿಗೆ ನಡೆಸುವ ‘ಎರಡು ಬೆರಳಿನ ಪರೀಕ್ಷೆ’ ಹೆಣ್ಣಿನ ಘನತೆಗೆ ಕುಂದು ಎಂದು 2013ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, ಅದನ್ನು ಮಾಡುವವರು ದುರ್ನಡತೆಗೆ ಹೊಣೆಯಾಗುತ್ತಾರೆಂದು 2022ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಸಂತ್ರಸ್ತೆಯ ಹಿಂದಿನ ಲೈಂಗಿಕ ಜೀವನವನ್ನು ಕೆದಕಿ ಸಮ್ಮತಿ ಇತ್ತೆಂದು ವಾದಿಸಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಹೆಸರು, ವಿಳಾಸ, ಗುರುತು ಹತ್ತುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಸಾಮಾಜಿಕ ಜಾಲತಾಣದಲ್ಲಿ ಫೋಟೊ ಹಂಚುವವರಿಗೂ ಈ ನಿಯಮ ಅನ್ವಯಿಸುತ್ತದೆ.

ನ್ಯಾಯಾಧೀಶರ ಮಾತಿಗೂ ಮಿತಿ ಹಾಕಲಾಗಿದೆ. ಕಿರುಕುಳ ಕೊಟ್ಟ ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟು ಹಾಕಿದ್ದ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟು 2021ರ ಮಾರ್ಚಿನಲ್ಲಿ ರದ್ದುಮಾಡಿತು. ಇಂಥ ಪ್ರಕರಣಗಳಲ್ಲಿ ರಾಜಿ, ಮದುವೆ ಎಂಬ ಸಲಹೆಯನ್ನೇ ನ್ಯಾಯಾಲಯ ಕೊಡಕೂಡದು ಎಂದಿತು. ಊರ ಪಂಚಾಯಿತಿಯಲ್ಲಿ ಸಂತ್ರಸ್ತೆಯನ್ನು ಅತ್ಯಾಚಾರಿಗೇ ಕಟ್ಟಿಬಿಡುವ ಕ್ರೌರ್ಯವನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ.

ಆ್ಯಸಿಡ್ ದಾಳಿ ಮತ್ತು ಪರಿಹಾರ ಧನ

ಆ್ಯಸಿಡ್ ದಾಳಿ ಪ್ರತ್ಯೇಕ ಅಪರಾಧವಾಗುವ ಮುನ್ನವೇ ಕರ್ನಾಟಕದಲ್ಲಿ ಅದರ ವಿರುದ್ಧ ಸಂಘಟಿತ ಹೋರಾಟ ನಡೆದಿತ್ತು. 1999ರಲ್ಲಿ ಬೆಂಗಳೂರಿನಲ್ಲಿ ಯುವತಿಯೊಬ್ಬರ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟು 2006ರಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೆಹಲಿಯ ಸಂತ್ರಸ್ತೆ ಲಕ್ಷ್ಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2013ರಲ್ಲಿ ಆ್ಯಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿ, ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಈಗ ಈ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ ಸಜೆ. ದಂಡದ ಹಣ ಸಂತ್ರಸ್ತರ ಚಿಕಿತ್ಸೆಗೆ ಹೋಗಬೇಕು.

ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2018ರಲ್ಲಿ ರೂಪಿಸಿದ ಯೋಜನೆಯ ಪ್ರಕಾರ ಅತ್ಯಾಚಾರ ಸಂತ್ರಸ್ತರಿಗೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಆ್ಯಸಿಡ್ಡಿನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ ರೂಪಾಯಿ ಪರಿಹಾರ ಸಿಗಬೇಕು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಅಪರಾಧಿ ಪತ್ತೆಯಾಗದಿದ್ದರೂ, ಆರೋಪಿ ಖುಲಾಸೆಯಾದರೂ ಪರಿಹಾರ ಕೇಳುವ ಹಕ್ಕಿದೆ. ಚಿಕಿತ್ಸೆಗೆ ತುರ್ತಾಗಿ ಹಣ ಬೇಕಾದರೆ ಮಧ್ಯಂತರ ಪರಿಹಾರ ಕೊಡಬಹುದು.

ಕೆಲಸದ ಸ್ಥಳ

ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಸರ್ಕಾರದ ಪರವಾಗಿ ಬಾಲ್ಯವಿವಾಹ ತಡೆಯಲು ಹೋದ ಭಂವರಿ ದೇವಿಯವರ ಮೇಲೆ 1992ರಲ್ಲಿ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಳ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಡುಗಡೆ ಮಾಡಿತು. ತನ್ನ ಕೆಲಸ ಮಾಡಿದ್ದಕ್ಕೆ ಹೆಣ್ಣೊಬ್ಬಳು ಈ ಶಿಕ್ಷೆ ಅನುಭವಿಸಬೇಕೇ ಎಂದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರ ವಿಶಾಖಾ ತೀರ್ಪು ಬಂದದ್ದು ಹೀಗೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ಅದು ಕೊಟ್ಟ ಮಾರ್ಗಸೂಚಿಗಳೇ 2013ರಲ್ಲಿ ಕಾಯ್ದೆಯಾದವು.

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ವಿಚಾರಣೆಗೆ 90 ದಿನದ ಗಡುವು. ಹತ್ತಕ್ಕಿಂತ ಕಡಿಮೆ ಜನರಿರುವಲ್ಲಿ, ಮಾಲೀಕನೇ ಆರೋಪಿಯಾದಲ್ಲಿ, ಮನೆಗೆಲಸದವರ ವಿಷಯದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಹೋಗುತ್ತದೆ. ಸಮಿತಿ ರಚಿಸದ ಸಂಸ್ಥೆಗೆ 50,000 ರೂಪಾಯಿ ದಂಡ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಸಮಿತಿ ಪರಿಚಿತ ಸಂಗತಿ. ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳಿಗೆ, ಮನೆಗೆಲಸಕ್ಕೆ ಹೋಗುವವರಿಗೆ, ಕೃಷಿ ಕೂಲಿಕಾರರಿಗೂ ಅದು ಅಷ್ಟೇ ಪರಿಚಿತವಾಗಬೇಕಿದೆ.

ಮಕ್ಕಳು, ಜಾತಿ ದೌರ್ಜನ್ಯ, ಲಿಂಗತ್ವ ಅಲ್ಪಸಂಖ್ಯಾತರು

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಹುಡುಗ, ಹುಡುಗಿ ಎಲ್ಲರನ್ನೂ ಲೈಂಗಿಕ ಅಪರಾಧಗಳಿಂದ ರಕ್ಷಿಸುತ್ತದೆ. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಬಾರದು. ವಿಷಯ ಗೊತ್ತಿದ್ದೂ ತಿಳಿಸದಿರುವುದು ಅಪರಾಧ. ಶಾಲೆಗಳು, ಮಠಗಳು, ವಸತಿನಿಲಯಗಳು ಇದಕ್ಕೆ ಹೊರತಲ್ಲ. ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮೇಲ್ಪಂಕ್ತಿ ಹಾಕಿದೆ. ಕೇಂದ್ರ ಕಾಯ್ದೆಯಲ್ಲಿ ಇಂಥ ಮದುವೆಯನ್ನು ರದ್ದುಪಡಿಸಬೇಕಾದರೆ ನ್ಯಾಯಾಲಯಕ್ಕೆ ಹೋಗಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅದು ಮೊದಲಿನಿಂದಲೇ ಅಸಿಂಧು. ಇತರ ರಾಜ್ಯಗಳೂ ಇದನ್ನು ಅನುಸರಿಸಲಿ ಎಂಬ ಆಶಯವನ್ನು ಸುಪ್ರೀಂ ಕೋರ್ಟು 2017ರ ತೀರ್ಪಿನಲ್ಲಿ ವ್ಯಕ್ತಪಡಿಸಿತು.

ದಲಿತ ಮತ್ತು ಆದಿವಾಸಿ ಮಹಿಳೆಯರ ಮೇಲಿನ ಹಿಂಸೆಯಲ್ಲಿ ಜಾತಿಯೂ ಲಿಂಗವೂ ಒಟ್ಟಾಗಿ ಕೆಲಸ ಮಾಡುತ್ತವೆ. 1989ರ ದೌರ್ಜನ್ಯ ತಡೆ ಕಾಯ್ದೆ, 2015ರಲ್ಲಿ ತಿದ್ದುಪಡಿಯಾದಂತೆ, ಇಂಥ ಕೃತ್ಯಗಳಿಗೆ ಪ್ರತ್ಯೇಕ ಶಿಕ್ಷೆ ವಿಧಿಸುತ್ತದೆ, ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳನ್ನು ಪಟ್ಟಿಮಾಡುತ್ತದೆ, ಕರ್ತವ್ಯ ಲೋಪ ಮಾಡಿದ ಅಧಿಕಾರಿಯನ್ನೂ ಶಿಕ್ಷಿಸುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಿಂದ ಅಪರಾಧವಾಗಿಸಿತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರ ಹೊರಗಿಡುವ ಪದ್ಧತಿಗೆ 2017ರ ಅಮಾನವೀಯ ಆಚರಣೆಗಳ ನಿರ್ಮೂಲನಾ ಕಾಯ್ದೆಯಲ್ಲಿ ನಿಷೇಧವಿದೆ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಕಾನೂನು ತೀರ ಹಿಂದಿದೆ. ಅವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆ ಗೊತ್ತುಪಡಿಸಿದ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಮಾತ್ರ. ಮಹಿಳೆಯ ಮೇಲಿನ ಅತ್ಯಾಚಾರಕ್ಕಾದರೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ. ‘ಅನೈಸರ್ಗಿಕ ಅಪರಾಧ’ಗಳ ಕುರಿತ ಹಳೆಯ 377ನೇ ಕಲಂ ಹೊಸ ಸಂಹಿತೆಯಲ್ಲಿ ಇಲ್ಲವಾಗಿ, ವಯಸ್ಕ ಪುರುಷರ ಮೇಲಿನ ಅತ್ಯಾಚಾರಕ್ಕೂ ತಕ್ಕ ಕಲಂ ಇಲ್ಲದಂತಾಗಿದೆ. ಒಂದೇ ನೋವಿಗೆ ಈ ಬಗೆಯ ಭೇದ ಸಮಾನತೆಯ ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ.

ಅಂತರಜಾಲದ ಹಿಂಸೆ

ಅನುಮತಿಯಿಲ್ಲದೆ ಖಾಸಗಿ ಚಿತ್ರ ತೆಗೆಯುವುದು, ಹಂಚುವುದು ನ್ಯಾಯ ಸಂಹಿತೆಯ 77ನೇ ಕಲಂ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧ. ಚಿತ್ರ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಹಂಚುವುದು ಅಪರಾಧವೇ. ಇಂಥ ಚಿತ್ರಗಳನ್ನು ತೆಗೆದುಹಾಕಲು ಸಾಮಾಜಿಕ ಜಾಲತಾಣಗಳಿಗೆ 2021ರ ನಿಯಮಗಳು 24 ಗಂಟೆಯ ಗಡುವು ಹಾಕಿದವು. ಬೆದರಿಕೆ ಬಂದಾಗ ಸಂದೇಶಗಳನ್ನು ಅಳಿಸದೆ ಹಾಗೆಯೇ ಉಳಿಸಿಕೊಳ್ಳುವುದು ಮುಖ್ಯ. ಸಾಕ್ಷ್ಯವಾಗುವುದು ಅವೇ.

ಕರ್ನಾಟಕದಲ್ಲಿ ನೆರವಿನ ವ್ಯವಸ್ಥೆ

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ತಲುಪಬಹುದು. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸಾಂತ್ವನ ಕೇಂದ್ರಗಳು ಆಪ್ತಸಮಾಲೋಚನೆ ಮತ್ತು ತಾತ್ಕಾಲಿಕ ಆಶ್ರಯ ಕೊಡುತ್ತವೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ ಎಲ್ಲವನ್ನೂ ಒಂದೇ ಕಡೆ ಒದಗಿಸುವ ‘ಸಖಿ’ ಏಕನಿಲುಗಡೆ ಕೇಂದ್ರಗಳನ್ನು ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿತು. ಬೆಂಗಳೂರಿನ ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಇದೆ. 1995ರ ಕಾಯ್ದೆಯಂತೆ ರಚನೆಯಾದ ರಾಜ್ಯ ಮಹಿಳಾ ಆಯೋಗ ದೂರುಗಳನ್ನು ಸ್ವೀಕರಿಸಿ ಇಲಾಖೆಗಳಿಂದ ವರದಿ ಕೇಳುತ್ತದೆ.

ಕೊರತೆಗಳು ಮತ್ತು ಚರ್ಚೆ

ಗಂಡ ಹೆಂಡತಿಯ ಮೇಲೆ ನಡೆಸುವ ಅತ್ಯಾಚಾರ ಭಾರತದಲ್ಲಿ ಇಂದಿಗೂ ಅತ್ಯಾಚಾರವಲ್ಲ. ಹೆಂಡತಿಗೆ 18 ತುಂಬಿದ್ದರೆ ಹೊಸ ಸಂಹಿತೆಯೂ ಗಂಡನಿಗೆ ವಿನಾಯಿತಿ ಕೊಡುತ್ತದೆ. ಈ ವಿನಾಯಿತಿಯನ್ನು ತೆಗೆಯುವಂತೆ ವರ್ಮಾ ಸಮಿತಿ ಶಿಫಾರಸು ಮಾಡಿತ್ತು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಇಂಥ ಪ್ರಕರಣವೊಂದರಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪಲಿಲ್ಲ. ಅದೇ ವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಗೆ ತಡೆ ನೀಡಿತು. ದೆಹಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇದೇ ಪ್ರಶ್ನೆಯಲ್ಲಿ ಭಿನ್ನ ತೀರ್ಪು ಕೊಟ್ಟರು. ಗರ್ಭಪಾತದ ಹಕ್ಕಿನ ಮಟ್ಟಿಗೆ ಮಾತ್ರ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ವೈವಾಹಿಕ ಅತ್ಯಾಚಾರವನ್ನು ಅತ್ಯಾಚಾರವೆಂದು ಗುರುತಿಸಿತು.

498ಎ ದುರುಪಯೋಗವಾಗುತ್ತಿದೆ ಎಂಬ ದೂರು ಹಳೆಯದು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕಾರಣ ದಾಖಲಿಸದೆ ಬಂಧಿಸಕೂಡದು ಎಂದು ಪೊಲೀಸರಿಗೆ ತಾಕೀತು ಮಾಡಿತು. ನಿರಪರಾಧಿ ಜೈಲು ಸೇರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಂಧನದ ಮೇಲಿನ ಈ ಎಚ್ಚರಿಕೆಯನ್ನು ದೂರು ದಾಖಲಿಸದಿರಲು ನೆಪವಾಗಿ ಬಳಸುವುದು ತಪ್ಪು. ‘ಗಂಡ-ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಬುದ್ಧಿ ಹೇಳಿ, ಹಿಂಬರಹ ಕೊಟ್ಟು ಕಳಿಸಿದ ಪ್ರತಿಯೊಂದು ಸಲವೂ ಕಾನೂನು ಆ ಹೆಣ್ಣುಮಗಳ ಪಾಲಿಗೆ ಇಲ್ಲವಾಗುತ್ತದೆ.

ಸಮಸ್ಯೆಯ ಅಗಾಧತೆಯನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸುತ್ತದೆ. ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3, ಕರ್ನಾಟಕದಲ್ಲಿ ಶೇ 44.4. ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರಿಂದಲಾದರೂ ನೆರವು ಕೇಳಿದವರು ಶೇ 14 ಮಾತ್ರ. ಮನೆಮಂದಿಯ ಬಳಿಯೂ ಬಾಯಿಬಿಡದೆ ನುಂಗಿಕೊಂಡವರೇ ಹೆಚ್ಚು. ಕಾನೂನು ಎಷ್ಟೇ ವಿಸ್ತಾರವಾಗಿರಲಿ, ಅದರ ಬಾಗಿಲಿಗೆ ಬರುವವರು ಇವರಲ್ಲೂ ಕೆಲವರೇ.

ಬಂದವರಿಗೂ ವಿಳಂಬವೇ ದೊಡ್ಡ ಶತ್ರು. ಕೌಟುಂಬಿಕ ದೌರ್ಜನ್ಯದ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅಲ್ಲಿಂದ 60 ದಿನದಲ್ಲಿ ಇತ್ಯರ್ಥವಾಗಬೇಕು ಎಂದು 12ನೇ ಕಲಂ ಹೇಳುತ್ತದೆ. ವಾಸ್ತವದಲ್ಲಿ ಈ ಗಡುವು ಪಾಲನೆಯಾಗುವುದು ಅಪರೂಪ. ಸಂರಕ್ಷಣಾಧಿಕಾರಿಗಳಿಗೆ ಪೌಷ್ಟಿಕ ಆಹಾರ, ಅಂಗನವಾಡಿಗಳ ಉಸ್ತುವಾರಿಯಂಥ ಹತ್ತಾರು ಹೊಣೆಗಳಿರುವಾಗ ಈ ಕೆಲಸ ಹೆಚ್ಚುವರಿ ಹೊರೆಯಾಗುತ್ತದೆ. ಸಂರಕ್ಷಣಾಧಿಕಾರಿಗಳನ್ನು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಗುರುತಿಸಿ ನೇಮಿಸುವಂತೆ ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಆದೇಶಿಸಬೇಕಾಯಿತು. ಕಾಯ್ದೆ ಬಂದು ಆಗ ಹೆಚ್ಚುಕಡಿಮೆ ಎರಡು ದಶಕ ಕಳೆದಿತ್ತು.

ಭಾರತಕ್ಕೆ ಈಗ ಬೇಕಿರುವುದು ಹೊಸ ಕಲಂಗಳಿಗಿಂತ ಹೆಚ್ಚಾಗಿ, ಇರುವ ಕಲಂಗಳನ್ನು ಜಾರಿಗೊಳಿಸುವ ಜನ. ಪೂರ್ಣಾವಧಿ ಸಂರಕ್ಷಣಾಧಿಕಾರಿ, ದೂರನ್ನು ನಂಬಿ ಬರೆದುಕೊಳ್ಳುವ ಸಬ್ ಇನ್‌ಸ್ಪೆಕ್ಟರ್, ಗಡುವಿನೊಳಗೆ ಆದೇಶ ಕೊಡುವ ನ್ಯಾಯಾಲಯ ಇಲ್ಲದೆ ಈ ರಕ್ಷಣೆ ಪೂರ್ಣವಾಗದು. ಸಮಾಜಕ್ಕೂ ಇದರಲ್ಲಿ ಪಾಲಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಕಲಂ ಪ್ರಕಾರ ನೆರೆಹೊರೆಯವರು, ಬಂಧುಗಳು, ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಯಾವ ಮೊಕದ್ದಮೆಯೂ ನಡೆಯದು. ತುರ್ತು ಪೊಲೀಸ್ ನೆರವಿಗೆ 112, ಮಹಿಳಾ ಸಹಾಯವಾಣಿಗೆ 181, ಮಕ್ಕಳಿಗಾಗಿ 1098, ಉಚಿತ ಕಾನೂನು ನೆರವಿಗೆ 15100. ಪಕ್ಕದ ಮನೆಯ ಕೂಗು ಕಿವಿಗೆ ಬಿದ್ದಾಗ ಇವುಗಳಲ್ಲಿ ಒಂದಕ್ಕೆ ಕರೆ ಮಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ.